ಲ್ಯಾಬ್ ಬಿಟ್ಟು ನ್ಯೂಸ್‌ರೂಮಿಗೆ ನಾಲ್ಕು ವಾರ: ಹೋಗಲೋ ಬೇಡವೋ?

ಪ್ರಶ್ನೆ: ನಮಸ್ಕಾರ ಮೇಡಂ. ಊರು ಶಿವಮೊಗ್ಗ, ಪಿಎಚ್‌ಡಿ ಮುಗಿಸಿ ಈಗ ಇಂಗ್ಲೆಂಡಿನಲ್ಲಿ ಪೋಸ್ಟ್‌ಡಾಕ್. ಭತ್ತದ ಬೇರು ಬರವನ್ನು ಹೇಗೆ ತಡೆಯುತ್ತೆ ಅನ್ನೋದು ನನ್ನ ವಿಷಯ. ಬ್ರಿಟಿಷ್ ಸೈನ್ಸ್ ಅಸೋಸಿಯೇಷನ್ನಿನ ಮೀಡಿಯಾ ಫೆಲೋಶಿಪ್ಪಿಗೆ ಅರ್ಜಿ ಹಾಕೋಣ ಅಂತಿದ್ದೀನಿ. ಪಕ್ಕದ ಬೆಂಚಿನ ಮಂಡ್ಯದ ಗೆಳೆಯ, "ಪೇಪರ್ ಬರೆಯೋದು ಬಿಟ್ಟು ಪೇಪರಿಗೆ ಬರೀತೀಯಾ?" ಅಂತ ಕಾಲೆಳೀತಾನೆ. ನೀವು ಹೋಗಿ ಬಂದವರು. ನಿಜವಾಗಿ ಏನು ಸಿಗುತ್ತೆ?

ಉತ್ತರ: ಹಾಕಿ. ಆದರೆ ಚೆಂದವಾಗಿ ಬರೆಯೋದು ಕಲಿಸ್ತಾರೆ ಅಂದ್ಕೊಂಡು ಹೋಗಬೇಡಿ. ಅದು ಕೋರ್ಸ್ ಅಲ್ಲ. 1987ರಲ್ಲಿ ಶುರುವಾದ ಯೋಜನೆ. ಎರಡರಿಂದ ಆರು ವಾರ ಒಂದು ಪತ್ರಿಕೆಯಲ್ಲೋ ಬಾನುಲಿ-ಟಿವಿ ಸಂಸ್ಥೆಯಲ್ಲೋ ಕೂರಿಸ್ತಾರೆ, ಪತ್ರಕರ್ತರ ಜೊತೆ ನೀವೂ ಸುದ್ದಿ ಮಾಡಬೇಕು.

ನನ್ನ ಮೊದಲ ಬುಧವಾರ ಹೇಳ್ತೀನಿ. ವಿಜ್ಞಾನ ಪತ್ರಿಕೆ 'ನೇಚರ್'ನ ಸಂಶೋಧನಾ ಪೇಪರುಗಳಿಗೆ ಆ ದಿನ ಲಂಡನ್ ಸಮಯ ಸಂಜೆ 4ರ ತನಕ ಎಂಬಾರ್ಗೋ ಇರುತ್ತೆ, ಅಲ್ಲಿವರೆಗೆ ಪ್ರಕಟಿಸುವಂತಿಲ್ಲ. ಬೆಳಿಗ್ಗೆ 11ಕ್ಕೆ ಒಂದು ಪೇಪರ್ ಕೈಗಿಟ್ಟು, 3ರೊಳಗೆ 300 ಪದ ಅಂದರು. ನಾನು ಥೀಸಿಸ್ ಬರೆದ ಹಾಗೆ ಹಿನ್ನೆಲೆ, ಅದಕ್ಕೊಂದು ಹಿನ್ನೆಲೆ, ಆಮೇಲೆ ವಿಧಾನ ಅಂತ ಬರೆದೆ. ಡೆಸ್ಕಿನವರು ಮೊದಲ ಮೂರು ಪ್ಯಾರಾ ಸೆಲೆಕ್ಟ್ ಮಾಡಿ, ನನ್ನ ಮುಖ ಒಮ್ಮೆ ನೋಡಿ, ಡಿಲೀಟ್ ಒತ್ತಿದರು. ನಾಲ್ಕನೆಯದು ಮೇಲೆ ಬಂತು. ಸುದ್ದಿ ಅಲ್ಲೇ ಮಲಗಿತ್ತು.

ಇನ್ನೊಂದು ದಿನ "ಅಪಾಯ 50% ಜಾಸ್ತಿ" ಅಂತ ಬರೆದೆ. "ಎಷ್ಟರ ಮೇಲೆ?" ಅಂತ ಕೇಳಿದರು. ತೆಗೆದು ನೋಡಿದರೆ 1000 ಜನಕ್ಕೆ 2 ಇದ್ದದ್ದು 3 ಆಗಿತ್ತು, ಅಷ್ಟೇ. ಸಂಖ್ಯಾಶಾಸ್ತ್ರ ಓದಿದವಳು ನಾನು, ಪ್ರಶ್ನೆ ಕೇಳಿದವರು ಇತಿಹಾಸ ಓದಿದವರು!

ಮುಖ್ಯವಾದದ್ದು ಇನ್ನೊಂದಿದೆ. ಮಧ್ಯಾಹ್ನ ಎರಡಕ್ಕೆ ಗುರುತಿಲ್ಲದ ಪ್ರೊಫೆಸರುಗಳಿಗೆ ಫೋನ್ ಹಚ್ಚಿ ಅಭಿಪ್ರಾಯ ಕೇಳಬೇಕು. ಅರ್ಧಕ್ಕರ್ಧ ಜನ ಎತ್ತಲ್ಲ. ಕೆಲವರು "ನಾಡಿದ್ದು ಇಮೇಲ್ ಮಾಡ್ತೀನಿ" ಅಂತಾರೆ. ನಾಡಿದ್ದು ಆ ಸುದ್ದಿ ಹಳಸಲನ್ನ. ಅದಕ್ಕೆ ಮುಂಚೆ ನಾನೂ ಹಾಗೇ ಮಾಡ್ತಿದ್ದೆ. ಈಗ ವರದಿಗಾರರು ಕರೆದರೆ, ಪಿಪೆಟ್ ಕೆಳಗಿಟ್ಟು ಎತ್ತಿಕೊಳ್ತೀನಿ.

ಗೈಡ್ ಒಪ್ಪಿಗೆ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ. ಆ ವಾರಗಳ ಸಂಬಳದ ವಿಷಯವನ್ನೂ ಆಗಲೇ ಮಾತಾಡಿಬಿಡಿ, ಆಮೇಲೆ ಮುಜುಗರ ಆಗುತ್ತೆ.

ಪ್ರಶ್ನೆ (ಮತ್ತೊಬ್ಬರು): ಅಕ್ಕಾ, ನಾನು ಧಾರವಾಡದಾಗ ಪಿಎಚ್‌ಡಿ ಮಾಡಾಕತ್ತೀನಿ. ನಮಗೂ ಇಂಥಾದ್ದು ಐತೇನು?

ಉತ್ತರ: ಬ್ರಿಟನ್ನಿನದು ಅಲ್ಲಿ ಕೆಲಸ ಮಾಡೋರಿಗೆ. ಅಮೆರಿಕದ ವಿಜ್ಞಾನ ಸಂಘ ಎಎಎಎಸ್‌ನದು ಬೇಸಿಗೆಯಲ್ಲಿ 10 ವಾರ, ಅದೂ ಅಲ್ಲಿನ ವಿದ್ಯಾರ್ಥಿಗಳಿಗೆ. ನಮ್ಮಲ್ಲಿ ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಇಲಾಖೆ ಡಿಎಸ್‌ಟಿ 2018ರಲ್ಲಿ 'ಅವ್ಸರ್' ಅಂತ ಶುರು ಮಾಡಿತ್ತು. ತಮ್ಮ ಸಂಶೋಧನೆಯನ್ನೇ ಜನರಿಗೆ ತಿಳಿಯೋ ಹಾಗೆ ಬರೆದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಬಹುಮಾನ. ಒಳ್ಳೇದೇ, ಆದರೆ ಸ್ಪರ್ಧೆಯಲ್ಲಿ ಯಾರೂ ನಿಮ್ಮ ಪ್ಯಾರಾ ಕಣ್ಣೆದುರಿಗೇ ಅಳಿಸಲ್ಲ. ಆ ಪೆಟ್ಟು ಬೇಕಂದರೆ ಸ್ಥಳೀಯ ಪತ್ರಿಕೆಯ ಡೆಸ್ಕಿಗೆ ಹೋಗಿ, ರಜೆಯಲ್ಲಿ ಎರಡು ವಾರ ಕೂರ್ತೀನಿ ಅಂತ ಕೇಳಿ. ಬೈಲೈನ್, ಅಂದರೆ ಸುದ್ದಿಯ ಮೇಲೆ ನಿಮ್ಮ ಹೆಸರು, ಕೇಳಬೇಡಿ. ಆಗಲಿಲ್ಲ ಅಂದರೆ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಗೆ ಬರೀರಿ. ಹೈಸ್ಕೂಲು ಮಕ್ಕಳಿಗೆ ಅರ್ಥ ಆಗೋ ಹಾಗೆ ಬರೆಯೋದಕ್ಕಿಂತ ಕಷ್ಟದ ಪರೀಕ್ಷೆ ಇಲ್ಲ.

ಪ್ರಶ್ನೆ: 'ಜೀನ್ ಎಕ್ಸ್‌ಪ್ರೆಶನ್' ಅನ್ನೋದಕ್ಕೆ ಕನ್ನಡದಾಗ ಏನ್ ಬರೀಲಿ ಅಕ್ಕಾ?

ಉತ್ತರ: 'ವಂಶವಾಹಿಯ ಅಭಿವ್ಯಕ್ತಿ' ಅಂದರೆ ಓದುಗರು ಪುಟ ತಿರುಗಿಸ್ತಾರೆ. "ಆ ಜೀನ್ ಎಚ್ಚರಾಗಿ ಕೆಲಸ ಶುರು ಮಾಡ್ತು" ಅನ್ನಿ.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ಅರ್ಜಿಗೆ ಹೀಗೆ ಶುರು ಮಾಡಿದ್ದೀನಿ, ನೋಡ್ತೀರಾ? "ಭತ್ತವು ಜಗತ್ತಿನ ಪ್ರಮುಖ ಆಹಾರ ಬೆಳೆ. ಮಳೆ ಕೈಕೊಟ್ಟ ವರ್ಷ ನಮ್ಮಪ್ಪನ ಗದ್ದೆಯಲ್ಲಿ ಒಂದು ತಳಿ ಮಾತ್ರ ಹಸಿರಾಗಿತ್ತು."

ಉತ್ತರ: ಮೊದಲ ವಾಕ್ಯ ಅಳಿಸಿ, ಕಳಿಸಿ.