ಸಿಆರ್‌ಪಿ ಜಾಸ್ತಿ, ಕಾರ್ಟಿಸಾಲ್ ಮಾತ್ರ ನಾರ್ಮಲ್. ಇದು ಹೇಗೆ?

ಪ್ರಶ್ನೆ: ನನಗೆ 41 ವರ್ಷ, ತೂಕ 104 ಕೆಜಿ. ಮೊನ್ನೆ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 6 ಬಂತು. ಜ್ವರ ಇಲ್ಲ, ಗಾಯ ಇಲ್ಲ. ಬೊಜ್ಜಿನಿಂದ ಒಳಗೆ ಉರಿಯೂತ ಇರಬಹುದು ಎಂದರು ಡಾಕ್ಟರು. ಉರಿಯೂತ ಇದ್ದರೆ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರುತ್ತದೆ ಎಂದು ಓದಿದ್ದೆ. ಆದರೆ ಬೆಳಗ್ಗೆ 8ಕ್ಕೆ ಕೊಟ್ಟ ರಕ್ತದಲ್ಲಿ ಕಾರ್ಟಿಸಾಲ್ 13, ಸರಿಯಾಗೇ ಇದೆ. ನಾನು ಓದಿದ್ದು ಸುಳ್ಳಾ?

ಉತ್ತರ 1: ಸುಳ್ಳಲ್ಲ, ಅರ್ಧ ಕಥೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಕೊಬ್ಬಿನ ಕೋಶಗಳು ಹಿಗ್ಗಿದಾಗ ಅಲ್ಲಿಗೆ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ಸೇರುತ್ತವೆ. ಐಎಲ್-6, ಟಿಎನ್‌ಎಫ್ ಆಲ್ಫಾ ಎಂಬ ಉರಿಯೂತದ ಸಂದೇಶ ಒಯ್ಯುವ ಪ್ರೋಟೀನುಗಳು ಹೊರಬರುತ್ತವೆ. ಐಎಲ್-6 ಲಿವರಿಗೆ ಮುಟ್ಟಿದರೆ ಸಿಆರ್‌ಪಿ ಏರುತ್ತದೆ. ಮೆದುಳಿಗೆ ಸುದ್ದಿ ಹೋದರೆ ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮೂಲಕ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಗೆ ಕಾರ್ಟಿಸಾಲ್ ಮಾಡಲು ಆದೇಶ. ಆದರೆ ಬೊಜ್ಜಿದ್ದಾಗ ದೇಹ ಅದನ್ನು ಬೇಗ ಹೊರಹಾಕುತ್ತದೆ ಕೂಡ. ತಯಾರಿಯೂ ಜಾಸ್ತಿ, ಖರ್ಚೂ ಜಾಸ್ತಿ. ರಕ್ತದಲ್ಲಿ ಲೆಕ್ಕ ಸಮ!

ಇನ್ನೊಂದು ಮಾತು. ಕೆಲಸಕ್ಕೆ ಬಾರದ ಕಾರ್ಟಿಸೋನನ್ನು ಕಾರ್ಟಿಸಾಲ್ ಆಗಿ ಬದಲಿಸುವ ಕಿಣ್ವ ಕೊಬ್ಬಿನಲ್ಲೇ ಇದೆ. ಟಿಎನ್‌ಎಫ್ ಅದನ್ನು ಚುರುಕು ಮಾಡುತ್ತದೆ. ಅಲ್ಲೇ ಆಗಿ ಅಲ್ಲೇ ಖರ್ಚಾಗುವುದು ನಿಮ್ಮ ರಿಪೋರ್ಟಿನಲ್ಲಿ ಕಾಣುವುದಿಲ್ಲ.

ಉತ್ತರ 2: ಕಾರ್ಟಿಸಾಲ್ ಉರಿಯೂತವನ್ನು ತಗ್ಗಿಸಬೇಕಲ್ವಾ? ಸ್ಟೆರಾಯ್ಡ್ ಕೊಡುವುದೇ ಅದಕ್ಕೆ.

ಉತ್ತರ 1: ಹೌದು. ಆದರೆ ಉರಿಯೂತ ತುಂಬಾ ಕಾಲ ಉಳಿದರೆ ರಕ್ಷಣಾ ಕೋಶಗಳು ಕಾರ್ಟಿಸಾಲಿನ ಮಾತು ಕೇಳುವುದು ಕಡಿಮೆಯಾಗಬಹುದು. ಅಂದಹಾಗೆ, ಉರಿಯೂತಕ್ಕೆ ನಿದ್ದೆಯ ತೊಂದರೆಯೂ ಸೇರಿರಬಹುದು. ನಿಮಗೆ ಗೊರಕೆ ಇದೆಯಾ?

ಪ್ರಶ್ನೆ ಕೇಳಿದವರು: ಪಕ್ಕದ ಕೋಣೆಯವರೂ ಬೈಯುವಷ್ಟು! ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಈ ಸಲ ಹೇಳುತ್ತೇನೆ.