ತಟಸ್ಥವೋ ಅಲಿಪ್ತವೋ? ಸಂಜೆಯೊಳಗೆ ಬೇಕು

ಗೆಳೆಯರೇ,
ಕಾಲೇಜಿನ ವಸ್ತುಪ್ರದರ್ಶನಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ವಿಷಯ 1961ರ ಬೆಲ್‌ಗ್ರೇಡ್ ಸಮ್ಮೇಳನ, ಅಮೆರಿಕದ ಬಣಕ್ಕೂ ಸೋವಿಯತ್ ಬಣಕ್ಕೂ ಸೇರದ ದೇಶಗಳದ್ದು. ನೆಹರೂ, ಈಜಿಪ್ಟಿನ ನಾಸೆರ್, ಯುಗೊಸ್ಲಾವಿಯಾದ ಟಿಟೊ, ಇಂಡೋನೇಷ್ಯಾದ ಸುಕರ್ನೊ, ಘಾನಾದ ಎನ್‌ಕ್ರುಮಾ ಎಲ್ಲ ಸೇರಿದ್ದು, ಒಟ್ಟು 25 ದೇಶ. ತಲೆಬರಹಕ್ಕೆ ನಾನು "ತಟಸ್ಥ ರಾಷ್ಟ್ರಗಳು" ಅಂತ ಹಾಕಿದ್ದೆ. ಜೊತೆಯ ಮೇಡಂ "ಅಲಿಪ್ತ" ಆಗಬೇಕು ಅಂತಾರೆ. ಎರಡೂ ಒಂದೇ ಅಲ್ವಾ? ಅಂಗಡಿಯವನು ಐದು ಗಂಟೆಗೆ ಪ್ರಿಂಟಿಗೆ ಹಾಕ್ತಾನಂತೆ.

---

ಎರಡೂ ಬೇಡ. ಎರಡೂ ಸಂಸ್ಕೃತ. "ಬಣ ಸೇರದ ನಾಡುಗಳು" ಅಂತ ಹಾಕಿ. ಇದರಲ್ಲಿ ಚರ್ಚೆಗೆ ಏನಿದೆ?

---

> ಎರಡೂ ಒಂದೇ ಅಲ್ವಾ?

ಅಲ್ಲವೇ ಅಲ್ಲ. ತಟ ಅಂದರೆ ದಡ. ತಟಸ್ಥ ಅಂದರೆ ದಡದ ಮೇಲೆ ನಿಂತು ನೋಡುವವನು. ಸ್ವಿಟ್ಜರ್ಲೆಂಡಿಗೆ ಈ ಮಾತು ಸರಿ, 1955ರಲ್ಲಿ ಕಾನೂನನ್ನೇ ಮಾಡಿಕೊಂಡ ಆಸ್ಟ್ರಿಯಾಕ್ಕೂ ಸರಿ. ಕೊರಿಯಾ ಯುದ್ಧ ನಿಂತ ಮೇಲೆ, ಊರಿಗೆ ವಾಪಸ್ ಹೋಗಲ್ಲ ಅಂತ ಕೂತ 22 ಸಾವಿರಕ್ಕೂ ಹೆಚ್ಚು ಕೈದಿಗಳ ವಿಚಾರ ನೋಡಿಕೊಂಡ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅಧ್ಯಕ್ಷರಾಗಿದ್ದರಲ್ಲ, ಅದು ತಟಸ್ಥ ರಾಷ್ಟ್ರಗಳ ಆಯೋಗವೇ. ಅಲ್ಲಿ ಅಂಪೈರ್ ಕೆಲಸ.

ಬೆಲ್‌ಗ್ರೇಡಿಗೆ ಬಂದವರು ದಡದಲ್ಲಿ ನಿಂತವರಲ್ಲ. ಇಂಡೋನೇಷ್ಯಾದ ಆಗಿನ ಪ್ರಧಾನಿ ಹಟ್ಟಾ 1948ರಲ್ಲೇ ತಮ್ಮ ವಿದೇಶಾಂಗ ನೀತಿಗೆ ಕೊಟ್ಟ ಹೋಲಿಕೆ ಏನು ಗೊತ್ತಾ? ಎರಡು ಬಂಡೆಗಳ ನಡುವೆ ಹುಟ್ಟು ಹಾಕೋದು. ದೋಣಿ ನೀರಲ್ಲೇ ಇದೆ, ಡಚ್ಚರು ಇನ್ನೂ ದೇಶ ಬಿಟ್ಟಿಲ್ಲ, ಸುಮ್ನೆ ಕೂತರೆ ಬಂಡೆಗೆ ಬಡಿಯುತ್ತೆ. ಇವರನ್ನು ದಡದ ಮೇಲೆ ನಿಲ್ಲಿಸಿದರೆ ಹೇಗೆ?

ಅಲಿಪ್ತಕ್ಕೆ ಬನ್ನಿ. ಲೇಪ, ಲೇಪನ ಎಲ್ಲ ಅದೇ ಧಾತು. ಬಳಿದುಕೊಳ್ಳದ್ದು, ಅಂಟಿಸಿಕೊಳ್ಳದ್ದು. ಗೀತೆಯ ತಾವರೆ ಎಲೆ ನೆನಪಿಸಿಕೊಳ್ಳಿ, ಅಥವಾ ನಮ್ಮ ಕಡೆಯ ಕೆಸುವಿನೆಲೆ. ಮಳೆಯಲ್ಲೇ ಇರುತ್ತೆ, ಒಂದು ಹನಿ ಅಂಟಲ್ಲ. ನೀರಲ್ಲಿ ಇದ್ದೂ ಒದ್ದೆಯಾಗದ್ದು. ಇದಕ್ಕಿಂತ ಒಳ್ಳೆ ಪದ ಯಾವ ಭಾಷೆಯಲ್ಲಿದೆ ತೋರಿಸಿ ನೋಡೋಣ.

"ಬಣ ಸೇರದ" ಅಂದವರಿಗೆ: ಹಿಂದಿಯ ಗುಟ್‌ನಿರಪೇಕ್ಷ ಕೂಡ ಅದೇ ಮಾತು. ಸಂಸ್ಕೃತ ಬಿಡೋಕೆ ಹೋಗಿ ಹಿಂದಿಯ ಜಾಡಿಗೆ ಬಿದ್ದಿದ್ದೀರಿ. ಅಲ್ಲದೆ 25 ದೇಶ ಒಂದೆಡೆ ಕೂತು ಹೇಳಿಕೆ ಹೊರಡಿಸಿದ ಮೇಲೆ ಅದೂ ಒಂದು ಬಣವೇ ಆಯ್ತಲ್ಲ. ಬಣ ಸೇರದವರ ಬಣ ಅಂತ ಬರೆಸ್ತೀರಾ?

ಒಂದು ಎಚ್ಚರಿಕೆ. ಅಂಗಡಿಯವನಿಗೆ ಹ್ರಸ್ವ ಅಂತ ಒತ್ತಿ ಹೇಳಿ. ಆಲಿಪ್ತ ಆದರೆ ಚೆನ್ನಾಗಿ ಬಳಿದುಕೊಂಡದ್ದು ಅಂತ ಅರ್ಥ. ಪೂರ್ತಿ ಉಲ್ಟಾ.

---

ಹಿಂದಿಯದನ್ನು ನಾನು ನೋಡೇ ಇಲ್ಲ. ಎರಡು ಭಾಷೆಗೆ ಒಂದೇ ಯೋಚನೆ ಬರಬಾರದಾ? ಯುಗೊಸ್ಲಾವರ ಪದ "ನೆಸ್ವರ್ಸ್ತಾನಿ", ಸಾಲಿಗೆ ಸೇರದವರು ಅಂತ. ಅವರು ಗೀತೆ ಹುಡುಕಿಕೊಂಡು ಹೋಗಲಿಲ್ಲ. ನಾಸೆರ್ ಕಡೆಯವರು "ಸಕ್ರಿಯ ತಾಟಸ್ಥ್ಯ" ಅಂತಲೇ ಹೇಳ್ತಿದ್ದರು, ಅಲ್ಲಿಗೆ ನಿಮ್ಮ ದಡದ ವಾದವೂ ಮುಗೀತು. ಇನ್ನು 1971ರ ಆಗಸ್ಟಿನಲ್ಲಿ ಭಾರತ ಸೋವಿಯತ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ನಮ್ಮ ಕೆಸುವಿನೆಲೆ ಎಷ್ಟು ಒದ್ದೆಯಾಗದೆ ಉಳಿದಿತ್ತು ಅನ್ನೋದನ್ನೂ ಹೇಳಿಬಿಡಿ. ಕನ್ನಡದ ಹುಡುಗರಿಗೆ ಧಾತು ಹೇಳಿಕೊಟ್ಟು ಆಮೇಲೆ ಪದ ತಿಳಿಸೋ ಗೀಳು ಯಾವಾಗ ಬಿಡ್ತೀರೋ.

---

"ಸಕ್ರಿಯ" ಅಂತ ಸೇರಿಸಬೇಕಾಯ್ತು ಅಂದರೇನೇ ಬರೀ ತಾಟಸ್ಥ್ಯ ಸಾಲಲಿಲ್ಲ ಅಂತ. ನಮ್ಮ ಪೇಪರುಗಳು ಮೊದಲಿಂದ ಅಲಿಪ್ತ ಅಂತಲೇ ಬರೆದುಕೊಂಡು ಬಂದಿವೆ, ಓದುವವರೂ ಓದಿಕೊಂಡು ಬಂದಿದ್ದಾರೆ. ಧಾತು ಯಾರೂ ಕೇಳಿಲ್ಲ. 1971ರದ್ದು ಪದದ ತಪ್ಪಲ್ಲ, ಎಲೆಯದ್ದು. ನನ್ನ ಕಡೆಯಿಂದ ಇಷ್ಟೇ.

---

ಎಲ್ಲರಿಗೂ ಥ್ಯಾಂಕ್ಸ್. ಅಲಿಪ್ತ ಅಂತಲೇ ಕೊಟ್ಟೆ. ಹ್ರಸ್ವ ಅಂತ ಫೋನಲ್ಲಿ ಎರಡು ಸಲ ಹೇಳಿದೆ. ಈಗ ಎಂಟು ಅಡಿ ಫ್ಲೆಕ್ಸ್ ಬಂದಿದೆ, "ಆಲಿಪ್ತ ರಾಷ್ಟ್ರಗಳು". ಮೇಡಂ ಏಣಿ ಹತ್ತಿ ದೀರ್ಘದ ಬಾಲದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸುತ್ತಿದ್ದಾರೆ.