ಹಳೆಯ ಮದ್ದಿಗೆ ಹೊಸ ಕೆಲಸ: ಯಾವ ಪದ ಸರಿ?

ನಮಸ್ಕಾರ. ಉಡುಪಿಯಲ್ಲಿ ಔಷಧದಂಗಡಿ ನಡೆಸುವವನು ನಾನು. ರೋಗಿಗಳಿಗಾಗಿ ಕನ್ನಡದಲ್ಲಿ ಮಾಹಿತಿ ಪತ್ರಗಳನ್ನೂ ಬರೆಯುತ್ತೇನೆ. ಈಗ ‘ಡ್ರಗ್ ರೀಪರ್ಪಸಿಂಗ್’ ಎಂಬುದಕ್ಕೆ ಸರಿಯಾದ ಕನ್ನಡ ಪದ ಸಿಗದೆ ನಿಂತಿದ್ದೇನೆ. ಒಂದು ಕಾಯಿಲೆಗೆಂದು ಬಂದ ಔಷಧವನ್ನು ಇನ್ನೊಂದಕ್ಕೆ ತೊಡಗಿಸುವುದು ಎಂದು ಅರ್ಥ.

ಕಳೆದ ವಾರ ಕಾಪುವಿನ ಹಿರಿಯ ಮಹಿಳೆಯೊಬ್ಬರು ಅಮಿಟ್ರಿಪ್ಟಿಲೀನ್ 10 ಮಿಲಿಗ್ರಾಂ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು, “ಇದನ್ನು ವಾಪಸ್ ತೆಗೆದುಕೊಳ್ಳಿ ಮಾರಾಯರೇ. ನನಗಿರುವುದು ಕಾಲುರಿ. ಡಾಕ್ಟರು ನನ್ನ ಮಂಡೆ ಸಮ ಇಲ್ಲವೆಂದು ತಿಳಿದರಾ?” ಎಂದರು. ಸಕ್ಕರೆ ಕಾಯಿಲೆಯಿಂದ ಪಾದದ ನರಗಳಿಗೆ ಬಂದ ಉರಿ ಅದು. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ ‘ಖಿನ್ನತೆ ನಿವಾರಕ’ ಎಂದು ಓದಿ ಹೇಳಿದ್ದಾನೆ. ಹುಡುಗ ಓದಿದ್ದು ಸುಳ್ಳಲ್ಲ. 1961ರಲ್ಲಿ ಅಮೆರಿಕದಲ್ಲಿ ಈ ಔಷಧಕ್ಕೆ ಅನುಮತಿ ಸಿಕ್ಕಿದ್ದು ಖಿನ್ನತೆಗೇ. ಆದರೆ ನರದ ನೋವಿಗೆ, ಮೈಗ್ರೇನ್ ಪದೇ ಪದೇ ಬಾರದಿರಲು, ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಇದನ್ನು ದಶಕಗಳಿಂದ ಬರೆಯುತ್ತಿದ್ದಾರೆ.

“ಇದು ನರದ ನೋವಿಗೂ ಆಗುತ್ತದೆ ಅಮ್ಮ” ಎಂದೆ. ನನಗೆ ಬೇಕಾದ ಅರ್ಥವೆಲ್ಲ ಆ ‘ಗೂ’ದಲ್ಲೇ ಇತ್ತು. ಅವರಿಗೆ ಅದೂ ಹಿಡಿಸಲಿಲ್ಲ. “ಗೂ ಯಾಕೆ? ‘ಕಾಲುರಿಗೆ’ ಎಂದೇ ಬರೆದುಕೊಡಿ” ಎಂದು ಪೆನ್ನು ಮುಂದೆ ಹಿಡಿದರು. ಬರೆದುಕೊಟ್ಟೆ.

ಬುಪ್ರೋಪಿಯಾನ್ ತಯಾರಕರಿಗೆ ಈ ತೊಡಕು ಮೊದಲೇ ತಿಳಿದಿತ್ತೋ ಏನೋ. ಖಿನ್ನತೆಗೆ ವೆಲ್‌ಬುಟ್ರಿನ್ ಎಂದಿದ್ದ ಅದೇ ಔಷಧವನ್ನು, ಧೂಮಪಾನ ಬಿಡಿಸಲು 1997ರಲ್ಲಿ ಝೈಬಾನ್ ಎಂಬ ಬೇರೆ ಹೆಸರಿನಲ್ಲಿ ತಂದರು.

ಪತ್ರದೊಳಗೆ ‘ಗೂ’ ಸಾಕು. ಶೀರ್ಷಿಕೆಗೆ ಮಾತ್ರ ನಾಮಪದವೇ ಬೇಕು. ‘ಮರುಬಳಕೆ’ ಎಂದರೆ ಪ್ಲಾಸ್ಟಿಕ್ ಬಾಟಲಿ ಕಣ್ಣ ಮುಂದೆ ಬರುತ್ತದೆ. ಬೇರೆಯವರು ಬಿಟ್ಟ ಮಾತ್ರೆಯೇ ಎಂದು ಕೇಳುವವರೂ ಇದ್ದಾರು. ‘ಮರುಉದ್ದೇಶೀಕರಣ’ವನ್ನು ಹೇಳಿ ಮುಗಿಸುವಷ್ಟರಲ್ಲಿ ನಾಲಿಗೆಗೇ ಮದ್ದು ಬೇಕಾಗುತ್ತದೆ. ‘ಅನ್ಯಬಳಕೆ’ಗೆ ದುರ್ಬಳಕೆಯ ವಾಸನೆಯಿದೆ. ಸದ್ಯಕ್ಕೆ ‘ಹೊಸಬಳಕೆ’ ಎಂದು ಬರೆದಿಟ್ಟಿದ್ದೇನೆ, ಆದರೆ ಮದ್ದು ಹಳೆಯದೆಂಬುದು ಅದರಲ್ಲಿ ಕಾಣುವುದಿಲ್ಲ.

ಇನ್ನೊಂದು ಪ್ರಶ್ನೆ. ‘ಖಿನ್ನತೆ ನಿವಾರಕ’ ಎಂಬ ವರ್ಗನಾಮದಲ್ಲೇ ಕಾಯಿಲೆ ಅಂಟಿಕೊಂಡಿರುವಾಗ, ಕಾಲುರಿಯವರಿಗೆ ಕೊಡುವ ಪತ್ರದಲ್ಲಿ ಆ ಹೆಸರನ್ನು ಎಲ್ಲಿಡುವುದು? ಮುಚ್ಚಿಡುವುದು ಸರಿಯಲ್ಲ, ಮೊದಲ ಸಾಲಿಗೂ ಬೇಡ. ಒಂದಕ್ಕೆಂದು ತಂದದ್ದು ಇನ್ನೊಂದಕ್ಕೆ ಒದಗಿದಾಗ ತುಳುವಿನಲ್ಲಿ, ಕುಂದಾಪುರದ ಕನ್ನಡದಲ್ಲಿ ಏನೆನ್ನುತ್ತೀರಿ? ಪತ್ರ ಸೋಮವಾರ ಅಚ್ಚಿಗೆ ಹೋಗುತ್ತದೆ.